ಗಂಗಮ್ಮಜ್ಜಿ ಕೈಯಿಟ್ಟ ಹಾಳೆ

ಕಣ್ಣಿಗೆ ಕಾಣದ್ದು ಕೈಗೆ ತಿಳಿಯಿತು ಎಂದು ಯಾರಾದರೂ ಹೇಳಿದ್ದರೆ ಆಗ ನಾನು ನಕ್ಕುಬಿಡುತ್ತಿದ್ದೆ. ಭೌತಶಾಸ್ತ್ರ ಓದಿದವಳು, ಅಳತೆಗೆ ಸಿಗದ್ದನ್ನು ನಂಬುವ ಪೈಕಿ ಅಲ್ಲ. ಇದನ್ನು ಬರೆಯಲು ಇಷ್ಟು ವರ್ಷ ಹಿಂಜರಿದದ್ದೂ ಅದಕ್ಕೇ.

ಎಂಬತ್ತರ ದಶಕದ ಕೊನೆ. ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ನಕ್ಷತ್ರಗಳು ಹುಟ್ಟುವುದು ತಣ್ಣಗಿನ, ಕಪ್ಪು ಅನಿಲದ ಮೋಡಗಳೊಳಗೆ. ಅವುಗಳ ಒಳಗು ದುರ್ಬೀನಿಗೆ ಕಾಣದು. ಆದರೆ ಅಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅಣುಗಳು ತಮ್ಮದೇ ಆದ ರೇಡಿಯೋ ಅಲೆಯನ್ನು ಹೊರಡಿಸುತ್ತವೆ. ದೊಡ್ಡ ಆಂಟೆನಾದಲ್ಲಿ ಅದನ್ನು ಹಿಡಿದರೆ, ಅಲೆಯ ಬಲವನ್ನು ತೋರಿಸುವ ಹಾಳೆಯ ಮೇಲಿನ ಗೆರೆ ಒಂದು ಕಡೆ ಗೋಪುರದಂತೆ ಏಳುತ್ತದೆ. ನನ್ನ ಪಾಲಿಗೆ ಬಂದ ಮೋಡದಲ್ಲಿ ಗೆರೆ ಏಳಲೇ ಇಲ್ಲ. ಮೂರು ತಿಂಗಳು ಬರೀ ಸಣ್ಣ ನಡುಕ, ಯಂತ್ರದ ಗದ್ದಲ. "ಅಲ್ಲೇನೂ ಇಲ್ಲಮ್ಮ, ಬಿಟ್ಟುಬಿಡಿ" ಎಂದರು ನನ್ನ ಮಾರ್ಗದರ್ಶಕರು. ಓದೇ ಬೇಡವೆನಿಸಿ ರೈಲು ಹತ್ತಿ ಬಾಣಾವರದ ನಮ್ಮ ಮನೆಗೆ ಬಂದುಬಿಟ್ಟೆ.

ಮರುದಿನ ಮಧ್ಯಾಹ್ನ ಹಜಾರದಲ್ಲಿ ಆ ಮೋಡದ ಹಾಳೆಗಳನ್ನು ಹರಡಿಕೊಂಡು ಕೂತಿದ್ದೆ. ಪಕ್ಕದ ಮನೆಯ ಗಂಗಮ್ಮಜ್ಜಿ ಗೋಡೆ ತಡವಿಕೊಂಡು ಬಂದು ಹತ್ತಿರ ಕೂತರು. ನನ್ನನ್ನೂ ಸೇರಿಸಿ ನಮ್ಮ ಬೀದಿಯ ಅರ್ಧ ಮಕ್ಕಳ ಹೆರಿಗೆ ಮಾಡಿಸಿದ ಸೂಲಗಿತ್ತಿ. ಈಗ ಎರಡೂ ಕಣ್ಣು ಹೋಗಿದ್ದವು. "ಯಾಕವ್ವ, ಸಪ್ಪಗಿದೀಯ?" ಎನ್ನುತ್ತ ಕೈಗೆ ಸಿಕ್ಕ ಹಾಳೆಯ ಮೇಲೆ ಅಂಗೈ ಆಡಿಸಿದರು, ಬಸುರಿಯ ಹೊಟ್ಟೆ ನೋಡುವ ಹಾಗೆ, ನಿಧಾನವಾಗಿ. ಒಂದು ಕಡೆ ಕೈ ನಿಂತಿತು.

"ಇಲ್ಲಿ ಐತೆ ಕಣವ್ವ. ಇನ್ನೂ ದಿನ ತುಂಬಿಲ್ಲ."

"ಏನಜ್ಜಿ ಇರೋದು?"

"ಅದು ನಂಗೇನು ಗೊತ್ತು. ಐತೆ, ಅಷ್ಟೇಯ. ಅವಸರ ಮಾಡಬ್ಯಾಡ."

ಅದು ಜೆರಾಕ್ಸ್ ಪ್ರತಿ. ಬೆರಳಿಗೆ ಸಿಗುವಂಥ ಉಬ್ಬುತಗ್ಗು ಇರಲಿಲ್ಲ; ನಾನೂ ಮುಟ್ಟಿ ನೋಡಿದೆ. ಅದೇನು ಹಾಳೆ ಎಂದು ನಾನು ಹೇಳಿಯೂ ಇರಲಿಲ್ಲ. ಯಾಕೋ ಏನೋ, ಅವರ ಬೆರಳು ನಿಂತ ಜಾಗಕ್ಕೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿದೆ.

ವಾಪಸು ಹೋಗಿ, ಆಂಟೆನಾ ಇನ್ನೆರಡು ವಾರ ಕೊಡಿ ಎಂದು ಮಾರ್ಗದರ್ಶಕರನ್ನು ಗೋಗರೆದೆ. ಹಳೆಯದು ಹೊಸದು ಎಲ್ಲ ದಾಖಲೆ ಕೂಡಿಸಿದಾಗ ಗದ್ದಲ ತಗ್ಗಿ, ಗೆರೆ ಸಣ್ಣಗೆ ಎದ್ದಿತ್ತು. ಊರಿಂದ ತಂದ ಹಾಳೆಯನ್ನು ಪಕ್ಕಕ್ಕಿಟ್ಟು ನೋಡಿದೆ. ಗೆರೆ ಎದ್ದ ಜಾಗ ಪೆನ್ಸಿಲ್ ಗುರುತಿನ ನೇರಕ್ಕೇ ಇತ್ತು.

ಕಾಕತಾಳೀಯವಿರಬಹುದು. ಹಾಳೆಯ ಮೇಲೆ ಎಲ್ಲೋ ಒಂದು ಕಡೆ ಕೈ ನಿಲ್ಲಲೇಬೇಕಲ್ಲ. ಹಾಗೆಂದುಕೊಂಡು ಸುಮ್ಮನಾಗಲು ನೋಡುತ್ತೇನೆ, ಆಗುವುದಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಕೇಳಿದರೆ ಅಜ್ಜಿಗೆ ಆ ಮಾತೇ ನೆನಪಿರಲಿಲ್ಲ. "ಒಳ್ಳೇದಾಯ್ತಲ್ಲ, ಬಿಡವ್ವ" ಎಂದು ನನ್ನ ತಲೆ ಸವರಿದರು.

ಆ ಮೋಡವನ್ನು ಮತ್ತೆ ಯಾಕೆ ನೋಡಿದೆ ಎಂದು ಪ್ರಬಂಧದಲ್ಲಿ ಕಾರಣ ಬರೆಯಬೇಕಿತ್ತು. ಮೊದಲು ನೋಡಿದ ಅವಧಿ ಸಾಲದ್ದರಿಂದ ಎಂದು ಬರೆದೆ. ಅದು ಸುಳ್ಳೇನಲ್ಲ, ಆದರೆ ಕಾರಣ ಅದಾಗಿರಲಿಲ್ಲ.