ಓಬಮ್ಮ ಮೇಡಂ ಸಾಧಿಸಿದ ಹಗೆ

ಕೋರ್ಟಿನ ಕಾಂಪೌಂಡಿನೊಳಗೆ ಓಬಮ್ಮ ಮೇಡಂ ನಕ್ಕಿದ್ದನ್ನು ನಾನು ನೋಡಲೇ ಇಲ್ಲ. ಗೇಟು ದಾಟಿ ಎದುರಿನ ಮಿರ್ಚಿ ಅಂಗಡಿಗೆ ಬಂದರೆ ಬೇರೆಯೇ ಹೆಂಗಸು. ಮಂಡಕ್ಕಿ ಮುಕ್ಕುತ್ತ, ಅಂಗಡಿಯವನನ್ನು ಕಾಡಿಸುತ್ತ, ರಸ್ತೆಯ ಆಚೆ ಬದಿಗೂ ಕೇಳುವಂತೆ ನಗುತ್ತಿದ್ದರು. ಒಳಗೆ ಮಾತ್ರ, ಜಡ್ಜ್ ಸಾಹೇಬರು ತಮಾಷೆ ಮಾಡಿ ಇಡೀ ಹಾಲ್ ನಕ್ಕರೂ, ಅವರು ಫೈಲಿನಿಂದ ತಲೆ ಎತ್ತುತ್ತಿರಲಿಲ್ಲ.

ಕೂಡ್ಲಿಗಿಯಲ್ಲಿ ನಾನು ಅವರ ಬಳಿ ಜೂನಿಯರ್ ಆಗಿ ಸೇರಿದೆ. ಅವರು ಹಿಡಿಯುತ್ತಿದ್ದುದು ಒಂದೇ ಬಗೆಯ ಕೇಸು: ವಿಮಾ ಕಂಪನಿ 'ಇದು ನಮ್ಮ ಪಾಲಿಸಿಗೆ ಬರುವುದಿಲ್ಲ' ಎಂದು ಕೈಯೆತ್ತಿದ ಕೇಸು. ಹಡಗಲಿಯಾಗಲಿ, ಹರಪನಹಳ್ಳಿಯಾಗಲಿ, ಅಂಥದ್ದೊಂದು ಇದೆ ಎಂದರೆ ಬಸ್ ಹತ್ತಿಬಿಡುತ್ತಿದ್ದರು. ಕಂಪನಿಯವರೇ ತಮ್ಮ ಪರ ವಾದಿಸಲು ಕರೆದಾಗ ಬಾಗಿಲಿಂದಲೇ ವಾಪಸ್ ಕಳಿಸಿದರು.

"ನ್ಯಾಯ-ಗೀಯ ಅಂತ ದೊಡ್ಡ ಮಾತು ನನಗ ಬ್ಯಾಡ ತಮ್ಮಾ," ಎನ್ನುತ್ತಿದ್ದರು. "ಅವರು ಸೋಲಬೇಕು. ಸೋತು ಎದ್ದು ಹೋಗೋದನ್ನ ನಾನು ಕುಂತು ನೋಡಬೇಕು."

ಇದರ ಹಿಂದಿನ ಕತೆಯನ್ನು ಹಡಗಲಿಯಿಂದ ಬರುವ ಬಸ್ಸಿನಲ್ಲಿ ಒಮ್ಮೆ ಹೇಳಿದರು. ಅವರದು ಗುಡೇಕೋಟೆಯ ಕುರಿ ಸಾಕುವ ಮನೆ. ಅಪ್ಪ ಕುರಿಗಳನ್ನು ಟೆಂಪೋಗೆ ಹೇರಿಕೊಂಡು ಸಂತೆಗೆ ಹೊರಟಿದ್ದ. ಟೆಂಪೋ ಮಗುಚಿ ಸತ್ತ. ಕಾನೂನಿನ ಪ್ರಕಾರ ಸರಕಿನ ಗಾಡಿಯಲ್ಲಿ ಸರಕಿನ ಯಜಮಾನ ಕುಳಿತಿದ್ದರೆ ವಿಮೆ ಪರಿಹಾರ ಕೊಡಬೇಕು. ಸುಮ್ಮನೆ ಹತ್ತಿ ಕುಳಿತವನಿಗೆ ಇಲ್ಲ. ಬದುಕಿದ ಕುರಿಗಳು ಚೆದುರಿ ಹೋಗಿದ್ದವು, ಸತ್ತವನ್ನು ಯಾರೋ ಹೊತ್ತೊಯ್ದಿದ್ದರು. ಕಂಪನಿಯ ವಕೀಲ ವಿಶ್ವನಾಥಯ್ಯ, ಟೆಂಪೋದಲ್ಲಿ ಕುರಿಯೇ ಇರಲಿಲ್ಲ ಎಂದು ವಾದ ಹೂಡಿದರು.

ಕಟಕಟೆಯಲ್ಲಿ ಓಬಮ್ಮನವರ ತಾಯಿ ಪಾಲಮ್ಮ. ಯಾವ ಯಾವ ಕುರಿ ಇದ್ದವು ಎಂದು ಕೇಳಿದಾಗ ಆಕೆ ತಾನೇ ಕೈಯಾರೆ ಹತ್ತಿಸಿದ್ದವನ್ನು ಹೆಸರಿಟ್ಟು ಹೇಳಿದಳು: ಕೆಂದಿ, ಬೋಳಿ, ಚುಕ್ಕಿ.

"ಹಂಗಾದ್ರ ಕೆಂದಿನ್ನೂ ಬೋಳಿನ್ನೂ ಸಾಕ್ಷಿಗೆ ಕರೆಸೋಣೇನಮ್ಮ?" ಎಂದರು ವಿಶ್ವನಾಥಯ್ಯ.

ಹಾಲ್ ತುಂಬ ನಗು. ಪೀಠದ ಮೇಲಿದ್ದವರೂ ನಕ್ಕರು. ಪಾಲಮ್ಮ ಸೆರಗು ಬಾಯಿಗೆ ಹಿಡಿದು ಇಳಿದು ಬಂದಳು. ಕೇಸು ಬಿದ್ದುಹೋಯಿತು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಗಳು ಆಗ ಕಾಲೇಜು ಓದುತ್ತಿದ್ದಳು. ಟೀಚರ್ ಆಗಬೇಕೆಂದಿದ್ದವಳು ಕಾನೂನು ಓದಿದಳು.

ನಾನು ಕಣ್ಣಾರೆ ಕಂಡದ್ದು ಇಟ್ಟಿಗಿಯ ಕೇಸು. ಈರುಳ್ಳಿ ಹೇರಿಕೊಂಡು ಹೋಗುತ್ತಿದ್ದ ರೈತ ಗಾಡಿ ಉರುಳಿ ಸತ್ತಿದ್ದ. ಗಾಡಿ ಖಾಲಿ ಇತ್ತೆಂದು ವರದಿ ಬರೆದ ಕಂಪನಿಯ ತನಿಖೆಗಾರ ಸಾಕ್ಷಿಗೆ ನಿಂತ. ಎದುರು ಪಕ್ಷಕ್ಕೆ ಅದೇ ವಿಶ್ವನಾಥಯ್ಯ. ಓಬಮ್ಮ ಮೇಡಂ ಬಹಳ ಮರ್ಯಾದೆಯಿಂದ ಶುರುಮಾಡಿದರು.

"ಅಪಘಾತ ಆಗಿ ವಾರದ ಮ್ಯಾಲೆ ಜಾಗಕ್ಕ ಹೋಗಿದ್ರಿ. ಬಿಸಿಲಾಗ ಭಾಳ ತ್ರಾಸಾತೇನ್ರಿ?"

ಆತ ಕರಗಿದ. "ಬಿಸಿಲು ಇರಲಿ ಮೇಡಂ, ಕೊಳೆತ ಈರುಳ್ಳಿ ವಾಸನೆಗೆ ಅಲ್ಲಿ ನಿಲ್ಲೋದಕ್ಕೇ ಆಗ್ತಿರಲಿಲ್ಲ."

"ಖಾಲಿ ಗಾಡಿಯಿಂದ ಉಳ್ಳಾಗಡ್ಡಿ ಹೆಂಗ ಬಿದ್ವುರಿ?"

ಜನ ನಕ್ಕರು. ಮೇಡಂ ನಗಲಿಲ್ಲ, ವಿಶ್ವನಾಥಯ್ಯನವರ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ವಿಶ್ವನಾಥಯ್ಯ ಹೊರಗೆ ನನ್ನನ್ನು ತಡೆದು ಕೇಳಿದರು: "ಆ ಹೆಣ್ಣಮಗಳಿಗೆ ನನ್ನ ಮ್ಯಾಲೆ ಏನು ದ್ವೇಷಪಾ?" ಅವರಿಗೆ ಪಾಲಮ್ಮನ ನೆನಪೇ ಇರಲಿಲ್ಲ. ಅದನ್ನು ನಾನು ಬಂದು ಹೇಳಿದಾಗ ಮೇಡಂ ಆ ಹೊತ್ತು ಊಟ ಮಾಡಲಿಲ್ಲ.

ಈ ಹಗೆ ತಮ್ಮ ಕಕ್ಷಿದಾರರನ್ನೂ ಸುಡುತ್ತದೆಂಬುದು ಅವರಿಗೆ ಬೇಗ ಕಾಣುತ್ತಿರಲಿಲ್ಲ. ಹಲವಾಗಲಿನ ವಿಧವೆಯೊಬ್ಬಳ ಕೇಸಿನಲ್ಲಿ ಕಂಪನಿ ರಾಜಿಗೆ ಬಂದಿತ್ತು. ತೀರ್ಪೇ ಬೇಕೆಂದು ಇವರು ಹಟ ಹಿಡಿದರು. ಆಕೆ ಕೈಮುಗಿದು, "ಮೇಡಂ, ನಿಮ್ಮ ಸಿಟ್ಟಿಗೆ ನಮ್ಮನಿ ಒಲಿ ಹತ್ತಂಗಿಲ್ರಿ," ಎಂದಳು. ಮೇಡಂ ರಾಜಿಗೆ ಸಹಿ ಹಾಕಿದರು.

ವಿಶ್ವನಾಥಯ್ಯ ವಕೀಲಿಕೆ ಬಿಟ್ಟ ಮೇಲೆ ಅವರ ಹೆಂಡತಿಗೆ ಹೃದಯದ ಆಪರೇಷನ್ ಆಯಿತು. ಆಯುಷ್ಯವೆಲ್ಲ ಅವರು ಯಾರ ಪರ ವಾದಿಸಿದ್ದರೋ ಆ ಕಂಪನಿಯೇ, ಹಳೆಯ ಕಾಯಿಲೆ ಮುಚ್ಚಿಟ್ಟಿದ್ದೀರಿ ಎಂದು ವಿಮೆ ನಿರಾಕರಿಸಿತು. ಒಂದು ಮುಂಜಾನೆ ಅವರು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದರು.

"ನನ್ನ ಜೂನಿಯರ್ ಹುಡುಗರು ಯಾರೂ ಕಂಪನಿ ಎದುರು ನಿಲ್ಲಂಗಿಲ್ಲ ಓಬಮ್ಮ. ನೀನ ನಡಸಬೇಕು."

"ನಡಸ್ತೀನ್ರಿ," ಎಂದರು ಮೇಡಂ. "ಆದ್ರ ಮೊದ್ಲು ಗುಡೇಕೋಟೆಗೆ ಬರ್ರಿ. ನಮ್ಮವ್ವನ ಮುಂದ ನಿಂತು, ಟೆಂಪೋದಾಗ ಕುರಿ ಇದ್ವು ಅಂತ ಹೇಳ್ರಿ."

ಆಗ ಅವರಿಗೆ ಎಲ್ಲ ನೆನಪಾಯಿತು. "ಅದು ನನ್ನ ಕೆಲಸ ಇತ್ತಮ್ಮ," ಎಂದರು.

"ಕೇಸು ಗೆಲ್ಲೋದು ನಿಮ್ಮ ಕೆಲಸ. ನಗಸಿದ್ದು ಯಾರ ಕೆಲಸರಿ?"

ಅವರು ಗುಡೇಕೋಟೆಗೆ ಬಂದರು. ಪಾಲಮ್ಮ ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ವಿಶ್ವನಾಥಯ್ಯ ಚಪ್ಪಲಿ ಬಿಟ್ಟು ಅಂಗಳದ ಬಿಸಿಲಲ್ಲಿ ನಿಂತು, "ತಾಯಿ, ಕುರಿ ಇದ್ವು. ನನಗ ಅವತ್ತ ಗೊತ್ತಿತ್ತು," ಎಂದರು. ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ; ತಾವಾಗಿಯೇ ಹೇಳಿದರು.

ಪಾಲಮ್ಮ ಅವರನ್ನು ಮೇಲೆ ಕೆಳಗೆ ನೋಡಿದಳು. ಮಗಳತ್ತ ತಿರುಗಿ ಕೇಳಿದಳು: "ಅವತ್ತು ನಕ್ಕೋರು ಭಾಳ ಮಂದಿ ಇದ್ರಲ್ಲ. ಇವರೊಬ್ಬರ ಬಂದಾರೇನು?"

ಕುಳಿತುಕೊಳ್ಳಿ ಅನ್ನಲಿಲ್ಲ. ನೀರು ಕೊಡಲಿಲ್ಲ.

ಮೇಡಂ ಆ ಕೇಸನ್ನು ಮನಸ್ಸಿಟ್ಟು ನಡೆಸಿ ಗೆದ್ದರು. ಕೃತಜ್ಞತೆ ಹೇಳಲು ವಿಶ್ವನಾಥಯ್ಯ ಬಂದಾಗ ಮೇಡಂ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ನೀವು ಅಂದುಕೊಂಡದ್ದು ಆಯಿತಲ್ಲ, ಸಿಟ್ಟು ಇಳಿಯಿತೇ ಎಂದು ನಾನು ಕೇಳಿದೆ. "ಇಳಿತೈತಿ ಅಂತ ನಾನೂ ತಿಳ್ಕೊಂಡಿದ್ದೆ," ಎಂದು ಮುಂದಿನ ಫೈಲು ಎಳೆದುಕೊಂಡರು.

ಹೋದ ವರ್ಷ ಎದೆನೋವೆಂದು ಹೊಸಪೇಟೆಯ ಆಸ್ಪತ್ರೆಗೆ ಹೋದ ಮೇಡಂ ಜೀವಂತ ಮರಳಲಿಲ್ಲ. ಗುಡೇಕೋಟೆಯಲ್ಲಿ ಮಣ್ಣು ಮಾಡಿದೆವು. ವಿಶ್ವನಾಥಯ್ಯನವರೂ ಬಂದು ದೂರದಲ್ಲಿ ನಿಂತಿದ್ದರು. ಎಲ್ಲ ಮುಗಿದು ಜನ ಚದುರಿದ ಮೇಲೆ ಪಾಲಮ್ಮ ನನ್ನನ್ನು ಹತ್ತಿರ ಕರೆದಳು. ಆಕೆಯ ಕಣ್ಣು ಒಣಗಿದ್ದವು.

"ಆಕಿ ಕೇಸು ಇನ್ನೂ ಅದಾವಂತಲ್ಲ. ಯಾರು ನೋಡ್ತಾರ?"

"ನಾನು ನೋಡ್ತೀನವ್ವಾ."

"ನಿನಗ ಅಷ್ಟು ಸಿಟ್ಟು ಐತೇನು?"

ಸುಳ್ಳು ಹೇಳಲು ಆಗಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ.

ಪಾಲಮ್ಮ ನನ್ನ ರಟ್ಟೆಯನ್ನು ಬಿಗಿಯಾಗಿ ಹಿಡಿದು ಹೇಳಿದಳು: "ಹಂಗಾದ್ರ ಕಲ್ತ್ಕೋ."