ಯುಗಾದಿಯವರೆಗೆ ಮಾತಾಡಿದ ಬಾಡಿಗೆ

ಶೇಂಗಾ ಮಂಡಿಯಲ್ಲಿ ದಲಾಲಿ ಮಾಡಿ ಮೇಲೆ ಬಂದವನು ನಾನು. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳದೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಕುದುರಿಸುತ್ತಿದ್ದೆವು. ಎದುರಿನವನ ಬೆರಳು ಹಿಡಿದರೆ ಸಾಕು, ಅವನು ಇನ್ನೆಷ್ಟು ಇಳಿಯುತ್ತಾನೆ ಎನ್ನುವುದು ನನಗೆ ತಿಳಿದುಹೋಗುತ್ತಿತ್ತು. ಅದೇ ಧೈರ್ಯದ ಮೇಲೆ, ಐವತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಹಳೆಯ ಕಾರು ಕೊಂಡು ದಾವಣಗೆರೆಯಿಂದ ಹರಿಹರಕ್ಕೆ ಬಾಡಿಗೆಗೆ ಓಡಿಸತೊಡಗಿದೆ. ಮಾರಿದವನು ಕೊನೆಗೆ ಸ್ಟೆಪ್ನಿಯನ್ನೂ ಜಾಕನ್ನೂ ಪುಕ್ಕಟೆ ಕೊಟ್ಟು ನನಗೆ ಕೈಮುಗಿದಿದ್ದ. ಹಳೆಯ ಕಾರು ಕೊಳ್ಳುವವರಿಗೆ ಇವತ್ತಿಗೂ ಹೇಳುತ್ತೇನೆ: ಬೆಲೆ ಕೇಳುವ ಮೊದಲು ಟೈರು ನೋಡಿ, ನೋಡುವಾಗ ಮುಖ ಸ್ವಲ್ಪ ಸಿಂಡರಿಸಿ.

ಹರಿಹರದ ಬಳಿಯ ಕಾರ್ಖಾನೆಯೊಂದಕ್ಕೆ ಹೋಗುವ ನಾಲ್ಕು ಜನ ನೌಕರರು ಪಿ.ಜೆ. ಬಡಾವಣೆಯಲ್ಲಿ ಮನೆ ಮಾಡಿದ್ದರು. ಅವರ ಹೊತ್ತಿಗೆ ಸರಿಯಾಗಿ ಬಸ್ಸಾಗಲಿ ರೈಲಾಗಲಿ ಇರಲಿಲ್ಲ. ಅವರೇ ನನ್ನ ಕಾಯಂ ಗಿರಾಕಿಗಳು, ಕಾರಿನ ಹೊಟ್ಟೆ ತುಂಬುತ್ತಿದ್ದದ್ದು ಅವರಿಂದಲೇ. ಇವತ್ತಲ್ಲ ನಾಳೆ ಬಸ್ಸು ಬಂದರೆ ಬಾಡಿಗೆ ಇಳಿಸು ಎಂದು ಕೂರುತ್ತಾರೆ ಎನ್ನುವುದು ನನಗಿದ್ದ ಭಯ. ಅದಕ್ಕೇ ಯುಗಾದಿ ದಿನ ಅವರಲ್ಲಿ ಹಿರಿಯರಾದ ಹೆಡ್ ಕ್ಲರ್ಕರ ಮನೆಗೆ ಹೋಗಿ ಎಲೆ ಅಡಿಕೆ ಇಟ್ಟೆ.

"ಒಂದೇ ಮಾತು ಸ್ವಾಮಿ. ಈ ಯುಗಾದಿಯಿಂದ ಆ ಯುಗಾದಿಗೆ ಇದೇ ಬಾಡಿಗೆ. ನಡುವೆ ನೀವೂ ಬಾಯಿ ಬಿಡಂಗಿಲ್ಲ, ನಾನೂ ಬಿಡಂಗಿಲ್ಲ."

"ಏನಾದ್ರೂ ಆಗ್ಲಿ?" ಎಂದರು ಅವರು.

"ಏನಾದ್ರೂ ಆಗ್ಲಿ. ಮಂಡಿಯೋರ ಮಾತು ಅಂದ್ರೆ ಹಂಗೇ."

ಅವರು ಎಲೆ ತೆಗೆದುಕೊಂಡರು. ನಮ್ಮಲ್ಲಿ ಎಲೆ ತೆಗೆದುಕೊಂಡ ಮೇಲೆ ಮಾತು ತಿರುಗಿಸಿದವನ ಬೆರಳನ್ನು ಮತ್ತೆ ಯಾರೂ ಹಿಡಿಯುವುದಿಲ್ಲ. ಬಾಡಿಗೆ ಇನ್ನು ಇಳಿಯುವುದಿಲ್ಲ ಎಂದು ಹಿಗ್ಗುತ್ತ ಮನೆಗೆ ಬಂದೆ. ಅದು ಏರುವ ಹಾಗೂ ಇಲ್ಲ ಎನ್ನುವುದು ಅವತ್ತು ತಲೆಗೆ ಹೊಳೆಯಲೇ ಇಲ್ಲ.

ಮಳೆಗಾಲದಲ್ಲಿ ಪೆಟ್ರೋಲಿನ ಬೆಲೆ ಏರಿತು. ಆಗ ಬಂಕಿನಲ್ಲಿ ಹಿಡಿಕೆ ತಿರುಗಿಸಿ ಗಾಜಿನ ಜಾಡಿಗೆ ಎಣ್ಣೆ ಏರಿಸುತ್ತಿದ್ದರು. ಬಂಕಿನ ಸಾಹೇಬರು ನನಗೆ ಮಂಡಿಯ ಕಾಲದಿಂದ ಪರಿಚಯ. ಹೊಸ ಬೆಲೆ ಕೇಳಿದ್ದೇ ಹೆಗಲ ಮೇಲಿನ ಟವೆಲ್ ತೆಗೆದು ಅವರ ಕೈಮೇಲೆ ಹಾಕಿ ಬೆರಳು ಹಿಡಿದೆ.

"ಕೈ ಬಿಡ್ರಿ ಸಾವ್ಕಾರ್ರೆ, ಮಂದಿ ನೋಡಿ ನಗ್ತಾರೆ. ಇದೇನು ಶೇಂಗಾ ಅಲ್ಲ."

"ಹಳೇ ಗಿರಾಕಿ ಅದೀನಿ. ಒಂಚೂರು ನೋಡ್ರಿ."

"ರೇಟು ನಂದಲ್ರಿ. ಮೇಲಿಂದ ಬರ್ತೈತೆ, ನಾನು ಬೋರ್ಡ್ ಮೇಲೆ ಬರಿತೀನಿ. ನನ್ನ ಬೆರಳು ಹಿಂಡಿದ್ರೆ ಏನು ಬರ್ತೈತೆ?"

ಇಂಥ ಹೊತ್ತಿಗೆ ಬಜಾರಿನಲ್ಲಿ ಒಂದು ಉಪಾಯವಿದೆ. ಬೇಡ ಎಂದು ಎದ್ದು ನಡೆಯಬೇಕು. ಮೂರನೆಯ ಅಂಗಡಿ ದಾಟುವಷ್ಟರಲ್ಲಿ ಹಿಂದಿನಿಂದ ಕೂಗು ಬರುತ್ತದೆ. ನಾನೂ ಕಾರು ಹೊರಡಿಸಿದೆ. ನಿಧಾನವಾಗಿ ಬಿಟ್ಟೆ. ಕನ್ನಡಿಯಲ್ಲಿ ನೋಡಿದರೆ ಸಾಹೇಬರು ಆಗಲೇ ಒಂದು ಲಾರಿಗೆ ಹಿಡಿಕೆ ತಿರುಗಿಸುತ್ತಿದ್ದರು. ಊರಿನ ಇನ್ನೊಂದು ಬಂಕಿನಲ್ಲೂ ಅದೇ ಬೆಲೆ. ಮೂರನೆಯದಕ್ಕೆ ಹೋಗುವ ದಾರಿಯಲ್ಲಿ ಕಾರು ಕೆಮ್ಮಿ ನಿಂತಿತು. ಡಬ್ಬಿ ಹಿಡಿದು ಸಾಹೇಬರ ಹತ್ತಿರವೇ ನಡೆದು ಬಂದೆ. ಅವರು ನಗಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು.

ಚೌಕಾಸಿಗೆ ಎದುರಿಗೆ ಒಬ್ಬ ಮನುಷ್ಯ ಬೇಕು. ಬೆಲೆ ಏರಿಸಿದವನು ದಾವಣಗೆರೆಯಲ್ಲೂ ಇರಲಿಲ್ಲ, ಹರಿಹರದಲ್ಲೂ ಇರಲಿಲ್ಲ.

ಮುಂದೆ ಎಲ್ಲರಂತೆ ನಾನೂ ಸೀಮೆಎಣ್ಣೆ ಬೆರೆಸಿ ನೋಡಿದೆ. ಊರು ದಾಟುವಷ್ಟರಲ್ಲಿ ಹೊಗೆ ಒಳಗೆಲ್ಲ ತುಂಬಿ, ಹೆಡ್ ಕ್ಲರ್ಕರು ಮೂಗಿಗೆ ಪಂಚೆ ಹಿಡಿದು "ಏನ್ರಿ ಇದು, ನಮ್ಮನ್ನ ಹೊಗೆಸೊಪ್ಪು ಮಾಡ್ತೀರೇನು?" ಎಂದರು. ಮೆಕ್ಯಾನಿಕ್ಕಿಗೆ ಕೊಟ್ಟದ್ದು ಉಳಿಸಿದ್ದಕ್ಕಿಂತ ಹೆಚ್ಚಾಯಿತು. ದಯವಿಟ್ಟು ಯಾರೂ ಆ ದಾರಿ ಹಿಡಿಯಬೇಡಿ.

ದೀಪಾವಳಿ ಕಳೆದ ಮೇಲೆ ಬೆಲೆ ಮತ್ತೆ ಏರಿತು. ನನ್ನ ಹೆಂಡತಿ ಕೇಳಿದಳು, "ಲುಕ್ಸಾನ್ ಆದ್ರೆ ಗಾಡಿ ನಿಲ್ಸಿಬಿಡ್ರಿ. ಯಾಕ ಸುಮ್ನೆ ಅದರ ಹೊಟ್ಟಿಗೆ ಸುರಿತೀರಿ?"

"ನಿಲ್ಸಿದ್ರೆ ಬ್ಯಾಟರಿ ಸಾಯ್ತೈತೆ, ಟೈರು ಕೂತಲ್ಲೇ ಒಡಿತೈತೆ. ಟ್ಯಾಕ್ಸ್ ಮಾತ್ರ ನಿಲ್ಲಂಗಿಲ್ಲ."

"ಮಾರ್ರಿ ಮತ್ತೆ."

"ಎಣ್ಣೆ ಏರಿದಾಗ ಕಾರು ಯಾರು ತಗಂತಾರೆ?"

ಇದ್ದದ್ದು ಒಂದೇ ಲೆಕ್ಕ: ಯುಗಾದಿ ಬರುವತನಕ ಕಾರು ಉಳಿಸಿಕೊಳ್ಳಬೇಕು. ನಾಲ್ಕು ದಿನ ನಿಲ್ಲಿಸಿದರೂ ಆ ನಾಲ್ವರು ಬೇರೆ ಗಾಡಿ ಹತ್ತುತ್ತಾರೆ, ಆಮೇಲೆ ಕಾರೂ ಇಲ್ಲ, ಮಾತೂ ಇಲ್ಲ.

ಒಂದು ದಿನ ತಡೆಯಲಾರದೆ ದಾರಿಯಲ್ಲಿ ಬಾಯಿಬಿಟ್ಟೆ. "ಎಣ್ಣೆ ಭಾಳ ತುಟ್ಟಿ ಆಗೈತಿ ಸ್ವಾಮಿ."

ಹೆಡ್ ಕ್ಲರ್ಕರು ಕಿಟಕಿಯಾಚೆ ಹತ್ತಿಯ ಹೊಲ ನೋಡುತ್ತಿದ್ದರು. "ಏನಾದ್ರೂ ಆಗ್ಲಿ ಅಂದೋರು ಯಾರ್ರಿ?" ಎಂದರು. ಹಿಂದಿನ ಸೀಟಿನಲ್ಲಿ ಇಬ್ಬರು ಕಿಸಕ್ಕನೆ ನಕ್ಕರು. ಗೇರು ಬದಲಿಸಿದೆ.

ಬೇರೆ ಬಾಡಿಗೆಗಳಿಂದ ಬಂದದ್ದನ್ನೆಲ್ಲ ಆ ಕಾರಿನ ಹೊಟ್ಟೆಗೇ ಹಾಕಿದೆ. ಮದುವೆ ದಿಬ್ಬಣ, ಪಕ್ಕದ ಕೊಂಡಜ್ಜಿ ಊರಿನ ಕಡೆ ಹೊಲ ನೋಡಲು ಹೋಗುವವರು, ಯಾರು ಕರೆದರೂ ಹೋದೆ. ಅಂತೂ ಯುಗಾದಿ ಬಂತು.

ಆ ಸಲ ಹೆಡ್ ಕ್ಲರ್ಕರ ಮನೆಗೆ ಸಿದ್ಧನಾಗಿಯೇ ಹೋದೆ. ಮೊದಲು ಇಷ್ಟು ಕೇಳುವುದು, ಅವರು ಹೌಹಾರುವುದು, ನಾನು ಎದ್ದು ನಿಲ್ಲುವುದು, ಕೊನೆಗೆ ನಡುವೆ ಎಲ್ಲಾದರೂ ಒಪ್ಪುವುದು. ನಾಲ್ವರೂ ಜಗಲಿಯ ಮೇಲೆ ಕೂತಿದ್ದರು. ಇಳಿಸಲು ಜಾಗ ಇಟ್ಟುಕೊಂಡೇ ಹೆಚ್ಚಿನ ಬಾಡಿಗೆ ಹೇಳಿದೆ.

ಅವರು ಒಬ್ಬರ ಮುಖ ಒಬ್ಬರು ನೋಡಿದರು.

"ಆಗ್ಲಿ ಬಿಡ್ರಿ," ಎಂದರು ಹೆಡ್ ಕ್ಲರ್ಕರು.

"ಅಷ್ಟೇ ಏನ್ರಿ? ಒಂದು ಮಾತು ಕೇಳಂಗಿಲ್ಲೇನು?"

"ಕೇಳಿ ಏನ್ ಮಾಡೋದ್ರಿ? ಬಸ್ ಬರಲಿಲ್ಲ, ಬೇರೆ ಗಾಡಿಯೋರೂ ಏರ್ಸಿದಾರೆ. ಕೆಲಸ ಬಿಡಂಗಿಲ್ಲ."

ಗೆದ್ದವನ ಹಾಗೆ ಕೂರಲು ನನ್ನಿಂದ ಆಗಲಿಲ್ಲ. ಇಳಿಸುತ್ತೇನೆ ಎನ್ನುವ ಮಾತು ನಾಲಿಗೆಯ ತನಕ ಬಂತು. ಬಂಕಿನ ಬೋರ್ಡು ನೆನಪಾಗಿ ನುಂಗಿಕೊಂಡೆ. ಆಗ ಕಿರಿಯ ನೌಕರರೊಬ್ಬರು ಸಂಕೋಚದಿಂದ ಕೇಳಿದರು, "ನಮ್ಮ ಆಫೀಸಿನೋರು ಇನ್ನೊಬ್ರು ಬರ್ತಾರಂತೆ. ಐದು ಜನ ಹಂಚ್ಕಂಡ್ರೆ ನಮಗೆ ಸ್ವಲ್ಪ ಹಗುರ ಆಗ್ತೈತೆ. ಕೂಡಿಸ್ಕಂತೀರಾ?"

ಹೂಂ ಎಂದೆ.

ಮರುದಿನದಿಂದ ಐದು ಜನ. ಮುಂದಿನ ಸೀಟಿನಲ್ಲಿ ಇಬ್ಬರು ಒತ್ತಿಕೊಂಡು ಕೂತು, ಗೇರು ಹಾಕುವಾಗಲೆಲ್ಲ ಒಬ್ಬರು ಮೊಣಕಾಲು ಸರಿಸಬೇಕಾಗುತ್ತಿತ್ತು. ಹಿಂದಿನ ಸ್ಪ್ರಿಂಗು ಕುಸಿದು ಕಾರು ಭಾರವಾಗಿ ಏದುತ್ತಿತ್ತು. ಭಾರ ಹೆಚ್ಚಿದಷ್ಟೂ ಎಣ್ಣೆಯನ್ನೂ ಹೆಚ್ಚು ಕುಡಿಯಿತು. ವಾರ ಮುಗಿಯುವ ಮೊದಲೇ ಬಂಕಿಗೆ ಹೋಗಿ ನಿಂತೆ. ಸಾಹೇಬರು ಎಷ್ಟು ಹಾಕಲಿ ಎಂದು ಕೇಳಿದರು. ಬೋರ್ಡಿನ ಕಡೆ ನೋಡದೆ, ತುಂಬಿಸಿ ಎಂದೆ.