ಮಾಸ್ತರರು ಕಂಡ ಎರಡು ಎರೆಭೂತ

ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಮರುವರ್ಷ, ಜೋಳ ಇನ್ನೂ ಹೊಲದಲ್ಲಿದ್ದಾಗ, ಬೈಲಹೊಂಗಲದ ಮಾರ್ಕೆಟ್ ಯಾರ್ಡಿನಲ್ಲಿ ಮೂರು ದಿನದ ಕೃಷಿ ಮೇಳ ನಡೆಯಿತು. ನಮ್ಮ ಪಕ್ಷಿವೀಕ್ಷಕರ ಸಂಘಕ್ಕೂ ಒಂದು ಮಳಿಗೆ ಕೊಟ್ಟರು. ಕೊಟ್ಟ ಜಾಗ ಮಾತ್ರ ಬೆಳೆಗೆ ಔಷಧ ಹೊಡೆಯುವ ಪಂಪು ಮಾರುವವರ ಪಕ್ಕದ್ದು. ಅವರ ಬ್ಯಾನರು ನಮ್ಮ ಬಾಗಿಲಿನ ಅರ್ಧದವರೆಗೆ ಚಾಚಿಕೊಂಡಿದ್ದರಿಂದ ಬಂದ ರೈತರೆಲ್ಲ ನಮ್ಮನ್ನೂ ಔಷಧದವರೆಂದೇ ತಿಳಿದರು.

"ಗಿಣಿ ಕಾಟ ಭಾಳ ಐತ್ರಿ. ಯಾವ ಎಣ್ಣಿ ಹೊಡೀಬೇಕು?"

"ನಾವು ಹಕ್ಕಿ ನೋಡೋರ್ರಿ," ಎಂದೆ.

"ನೋಡಿ?"

ನೋಡಿ ಏನು ಮಾಡುತ್ತೇವೆಂದು ನಾನು ಹೇಳಲು ತೊಡಗುವಷ್ಟರಲ್ಲಿ ಅವರು ಪಕ್ಕದ ಮಳಿಗೆ ಸೇರಿರುತ್ತಿದ್ದರು. ನಾನು ಆಗ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ. ದಿನಚರಿ ಬರೆಯುವ ರೂಢಿಯಿದ್ದುದರಿಂದ, ಬಂದವರನ್ನು ಗೀಟು ಹಾಕಿ ಎಣಿಸುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡಿದ್ದೆ. ಮೊದಲ ದಿನ ಸಂಜೆ ಕೂಡಿಸಿ ನೋಡಿದರೆ, ದುರ್ಬೀನು ಹಿಡಿದು ನೋಡಿದವರಿಗಿಂತ ಔಷಧ ಕೇಳಿದವರು ಹೆಚ್ಚು, ಅವರಿಗಿಂತ ಚಿತ್ರಗಳತ್ತ ಬೆರಳು ತೋರಿಸಿ "ಇದು ತಿನ್ನಾಕ ಬರತೈತೇನ್ರಿ?" ಎಂದು ಕೇಳಿದವರು ಹೆಚ್ಚು.

ಸಂಘದ ಅಧ್ಯಕ್ಷರು ಊರಿನ ಒಬ್ಬ ಡಾಕ್ಟರು. ದುರ್ಬೀನು ಅವರದು, ಜೀಪು ಅವರದು, ನಿಯಮವೂ ಅವರದೇ. ವರ್ಷದ ಪಟ್ಟಿಗೆ ಒಂದು ಹಕ್ಕಿ ಸೇರಬೇಕಾದರೆ ಇಬ್ಬರು ಸದಸ್ಯರು ಒಟ್ಟಿಗೆ ಅದನ್ನು ಕಂಡಿರಬೇಕು. ಒಬ್ಬರೇ ಕಂಡಿದ್ದರೆ ಮೊಟ್ಟೆಯೋ ಗರಿಯೋ, ಕೈಯಲ್ಲಿ ಹಿಡಿಯುವ ಪುರಾವೆ ತರಬೇಕು. ಡಾಕ್ಟರು ಕಂಡ ಹಕ್ಕಿಗಳಿಗೆಲ್ಲ ಅವರ ಕಾಂಪೌಂಡರನೇ ಎರಡನೆಯ ಸಾಕ್ಷಿ.

ಈ ನಿಯಮಕ್ಕೆ ಸಿಕ್ಕಿಬಿದ್ದವರು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು. ಮೇಳಕ್ಕೆ ಒಂದು ತಿಂಗಳ ಹಿಂದಿನ ಒಂದು ಭಾನುವಾರ ಸವದತ್ತಿ ರಸ್ತೆಯಲ್ಲಿ ಸೈಕಲ್ಲು ಹೊಡೆಯುತ್ತ ಹೋದಾಗ ಅವರು ಎರಡು ಎರೆಭೂತಗಳನ್ನು ಕಂಡಿದ್ದರು. ಎರೆಭೂತವೆಂದರೆ ಮನುಷ್ಯನ ಸೊಂಟದೆತ್ತರದ ಹಕ್ಕಿ. ಬಿಳಿ ಕುತ್ತಿಗೆ, ಕಪ್ಪು ನೆತ್ತಿ, ಹಾರುವುದಕ್ಕಿಂತ ಎರೆ ಹೊಲದಲ್ಲಿ ನಡೆಯುವುದೇ ಹೆಚ್ಚು. ನಮ್ಮ ಸೀಮೆಯಲ್ಲಿ ಅದನ್ನು ಕಂಡವರು ಎಷ್ಟೋ ವರ್ಷಗಳಿಂದ ಇರಲಿಲ್ಲ. ಅಂದು ಮಾಸ್ತರರು ನೇರ ನಮ್ಮ ಮನೆಗೆ ಬಂದು, ಮೈಮೇಲಿನ ಧೂಳು ಕೂಡ ಕೊಡವದೆ, ಗಂಡು ಮುಂದೆ ಹೆಣ್ಣು ಹಿಂದೆ ಹೇಗೆ ಹೋದವೆಂದು ನಮ್ಮ ಅಂಗಳದಲ್ಲಿ ಎರಡು ಸಲ ನಡೆದು ತೋರಿಸಿದ್ದರು. ಅವ್ವ ಒಳಗಿನಿಂದ ನೋಡಿ ನಕ್ಕಿದ್ದಳು.

ಅವರು ವಿನಯದ ಮನುಷ್ಯರಲ್ಲ. ಪಟ್ಟಿಯಲ್ಲಿ ಆ ಹಕ್ಕಿಯ ಮುಂದೆ ತಮ್ಮ ಹೆಸರು ಬರಲೇಬೇಕೆಂದು ಸಿಕ್ಕವರ ಮುಂದೆಲ್ಲ ಹೇಳುತ್ತಿದ್ದರು. ಅವರ ಜತೆ ನಾನೂ ಎರಡು ಭಾನುವಾರ ಹೋಗಿ ಬಂದೆ. ಏನೂ ಕಾಣಲಿಲ್ಲ.

"ತಮ್ಮಾ, ನಾನೂ ನೋಡೇನಿ ಅಂತ ಒಂದ ಮಾತ ಹೇಳಿಬಿಡು. ನಿನ್ನ ಗಂಟೇನ ಹೋಗತೈತಿ?" ಎಂದರು ವಾಪಸು ಬರುವಾಗ.

"ನಾ ನೋಡಿಲ್ರಿ ಸರ್."

ಅವರು ಸೈಕಲ್ಲು ಜೋರಾಗಿ ತುಳಿದು ನನ್ನನ್ನು ಹಿಂದೆ ಬಿಟ್ಟು ಹೋದರು.

ಮೇಳದ ಎರಡನೆಯ ದಿನ ಮಾಸ್ತರರು ತಾವೇ ಬರೆದ ಎರೆಭೂತದ ಆಳೆತ್ತರದ ಚಿತ್ರ ತಂದು ಮಳಿಗೆಯ ಮುಂದೆ ತೂಗುಹಾಕಿದರು. ಜನ ನಿಲ್ಲತೊಡಗಿದರು. ಹನ್ನೊಂದರ ಸುಮಾರಿಗೆ ಡಾಕ್ಟರು ಬಂದರು.

"ಬರ್ರಿ ಬರ್ರಿ," ಅವರು ಜನರನ್ನು ಕೈಬೀಸಿ ಕರೆದರು, "ನಮ್ಮ ಮಾಸ್ತರ್ರ ಕಣ್ಣಿಗಷ್ಟ ಬೀಳೋ ಹಕ್ಕಿ ನೋಡ್ರಿ. ಉಳಿದವರಿಗೆ ಕಾಣಂಗಿಲ್ಲ."

"ಹೋತ ಕಂಡಿರಬೇಕ್ರಿ ದೂರದಿಂದ," ಎಂದಿತು ಗುಂಪಿನೊಳಗಿನ ಒಂದು ದನಿ.

"ಚಸ್ಮಾ ಬದಲಿ ಮಾಡಸ್ರಿ ಮಾಸ್ತರ್ರ! ಡಾಕ್ಟರ್ರು ಇಲ್ಲೇ ಅದಾರ."

ಗುಂಪಿನಲ್ಲಿ ಮಾಸ್ತರರ ಶಾಲೆಯ ಹುಡುಗರೂ ಇದ್ದರು. ಅವರು ನಕ್ಕಾಗ ಮಾಸ್ತರರ ಕಿವಿ ಕೆಂಪಾದವು.

"ಒಂದಲ್ರಿ, ಎರಡ ಕಂಡೇನಿ," ಎಂದು ಕೂಗಿದರು.

"ಎರಡು! ಎಲ್ಲಿ? ಅದನ್ನರ ಹೇಳ್ರಿ ನಾಲ್ಕ ಮಂದೀ ಮುಂದ," ಎಂದರು ಡಾಕ್ಟರು.

ಜಾಗವನ್ನು ಅಲ್ಲಿಯವರೆಗೆ ಅವರು ನನಗೊಬ್ಬನಿಗೇ ತಿಳಿಸಿದ್ದರು. ಅಪರೂಪದ ಹಕ್ಕಿ ಇರುವ ಜಾಗವನ್ನು ಬಯಲು ಮಾಡಬಾರದೆಂದು ಹೊಸ ಸದಸ್ಯರಿಗೆಲ್ಲ ಹೇಳಿಕೊಡುತ್ತಿದ್ದವರೂ ಅವರೇ. ಈಗ ಸಂತೆಯಲ್ಲಿ ಸಾಮಾನಿನ ದರ ಕೂಗುವವರ ಹಾಗೆ ಕೂಗಿ ಹೇಳಿದರು. ಸವದತ್ತಿ ರಸ್ತೆಯಲ್ಲಿ ಹಳ್ಳ ದಾಟಿದ ಮೇಲೆ ಬಲಕ್ಕೆ, ಒಂಟಿ ಬನ್ನಿ ಗಿಡದ ಹೊಲ, ಹೊತ್ತು ಇಳಿಯುವ ಮುಂದೆ ಕಡಲೆಗೆ ಬರುತ್ತವೆ.

"ಆ ಹೊಲ ನಂದ್ರಿ!" ಎಂದರು ಬಿಳಿ ರುಮಾಲಿನ ಒಬ್ಬ ದೊಡ್ಡ ರೈತರು. ಆ ಕಡೆಯ ಹಳ್ಳಿಯೊಂದರ ಗೌಡರು ಅವರು. ಮುಖ ಅರಳಿತ್ತು. "ನಮ್ಮ ಹೊಲದಾಗಿನ ಹಕ್ಕಿ ಇಷ್ಟ ದೊಡ್ಡ ಸುದ್ದಿ ಅಂತ ನನಗ ಗೊತ್ತ ಇರಲಿಲ್ಲ ನೋಡ್ರಿ. ಈ ಮಾಸ್ತರ್ರ ಮಾತಿಗೆ ಏನ ಬೇಕಂತೀರಿ ಡಾಕ್ಟರ್ರ?"

"ಪುರಾವೆ. ಕೈಯಾಗ ಹಿಡಿಯೋ ಪುರಾವೆ."

"ಆತ ಬಿಡ್ರಿ."

ಮಾಸ್ತರರು ಗೌಡರನ್ನು ಒಳಗೆ ಕರೆದು ಕೂರಿಸಿ, ತಾವೇ ಹೋಗಿ ಚಹಾ ತಂದುಕೊಟ್ಟರು. ಹೊಲದ ಧಣಿಯೇ ಸಾಕ್ಷಿ ನುಡಿದರೆ ಡಾಕ್ಟರು ಬಾಯಿ ಮುಚ್ಚಬೇಕಾಗುತ್ತದೆಂದು ಆಮೇಲೆ ನನ್ನ ಹತ್ತಿರ ಹೇಳಿದರು. ಅಂದು ಸಂಜೆಯವರೆಗೆ ಅವರು ಬಹಳ ಉಲ್ಲಾಸದಲ್ಲಿದ್ದರು.

ಮೂರನೆಯ ದಿನ ಬೆಳಿಗ್ಗೆ ಗೌಡರು ಗೋಣಿಚೀಲದಲ್ಲಿ ಸುತ್ತಿ ತಂದದ್ದನ್ನು ಇಬ್ಬರು ಆಳುಗಳು ನಮ್ಮ ಮೇಜಿನ ಮೇಲೆ, ಕರಪತ್ರಗಳ ಮೇಲೆಯೇ ಇಟ್ಟರು. ಗಂಡು ಹಕ್ಕಿಯ ಬಿಳಿ ಕುತ್ತಿಗೆ ಮೇಜಿನ ಅಂಚಿನಿಂದ ಕೆಳಗೆ ಜೋತುಬಿತ್ತು. ಪಂಪಿನವರು ಮಳಿಗೆ ಬಿಟ್ಟು ಓಡಿಬಂದರು. ಮೂರು ದಿನದಲ್ಲಿ ನಮ್ಮ ಮುಂದೆ ಜನ ಪಾಳಿ ಹಚ್ಚಿ ಸಾಲಾಗಿ ನಿಂತದ್ದು ಅದೇ ಮೊದಲು.

"ಮಾಸ್ತರ್ರ, ನಿಮ್ಮ ಮಾತ ಉಳಿಸೇನ್ರಿ," ಎಂದರು ಗೌಡರು. "ಅಷ್ಟ ಮಂದಿ ನಗೂದ ನನಗ ತಡೀಲಿಲ್ಲ. ನಿನ್ನಿ ಸಂಜೀಕ ಬಂದೂಕ ತಗೊಂಡ ಕಡ್ಲಿಯೊಳಗ ಕುಂತೆ. ನೀವ ಹೇಳಿದ ಹೊತ್ತಿಗೆ ಬಂತ ನೋಡ್ರಿ."

ಬೇಟೆಯಾಡಬಾರದೆಂದು ಕಾಯ್ದೆ ಬಂದಿದೆಯೆಂದು ನಾನು ಹೇಳಿದೆ.

"ಪುರಾವೆಗೆ ಹೊಡದದ್ದು ಬೇಟಿ ಅಲ್ಲೋ," ಎಂದರು ಡಾಕ್ಟರು. ಟೇಪು ತರಿಸಿ ಕೊಕ್ಕಿನಿಂದ ಬಾಲದವರೆಗೆ ಅಳೆದರು. ಮಾಸ್ತರರ ಬೆನ್ನು ತಟ್ಟಿದರು. "ಸಂಘ ಒಪ್ಪತು ಮಾಸ್ತರ್ರ. ನಿಮ್ಮ ಹೆಸರ ಹತ್ತತೈತಿ. ಆದ್ರ ನಿಮ್ಮ ಚಿತ್ರದಾಗ ಕುತ್ತಿಗಿ ಗಿಡ್ಡ ಆಗೇತಿ ನೋಡ್ರಿ, ತಿದ್ದಿಬಿಡ್ರಿ."

ಫೋಟೋದವನು ಬಂದ. ರೆಕ್ಕೆ ಬಿಡಿಸಿ ಹಿಡಿಯಲು ಮಾಸ್ತರರಿಗೇ ಹೇಳಿದರು. ಅವರು ಹಿಡಿದರು. ಅವರ ಮುಖವನ್ನು ನಾನು ಸರಿಯಾಗಿ ನೋಡಲಿಲ್ಲ, ನೋಡಲಾಗಲಿಲ್ಲ.

"ಆದ್ರ ಮಾಸ್ತರ್ರ," ಗೌಡರು ಮತ್ತೆ ಮುಂದೆ ಬಂದರು, "ನೀವ ಎರಡ ಅಂದಿದ್ರಿ. ಇನ್ನೊಂದ ಯಾ ಕಡೆ ಕುಂದರತೈತ್ರಿ?"

"ಹೌದ, ಜೋಡಿ ಆದ್ರ ಹುಲ್ಲ ತುಂಬಿಸಿ ಗಾಜಿನ ಪೆಟ್ಟಿಗ್ಯಾಗ ಇಡಸೂಣು," ಎಂದರು ಡಾಕ್ಟರು.

ಮಾಸ್ತರರು ರೆಕ್ಕೆ ಬಿಟ್ಟರು.

"ಎರಡ ಇರಲಿಲ್ರಿ."

"ನಿನ್ನಿ ಎರಡ ಅಂದ್ರಿ?"

"ಸುಳ್ಳ ಹೇಳಿದ್ನಿ. ಕಂಡದ್ದ ಒಂದ. ನೀವೆಲ್ಲಾ ನಗತಿದ್ರಿ, ದೊಡ್ಡದ ಆಗಲಿ ಅಂತ ಎರಡ ಅಂದೆ."

ಡಾಕ್ಟರ ಕಣ್ಣಲ್ಲಿ ಸಂತೋಷ ಮೂಡಿದ್ದನ್ನು ಕಂಡೆ. ಅವರು ನನ್ನ ಕಡೆ ತಿರುಗಿದರು. "ನೀ ಎಲ್ಲಾ ಬರದಿಡಾಂವ. ಮೊದಲ ನಿನ್ನ ಮುಂದನ ಹೇಳಿದ್ದಂತಲ್ಲ. ಎಷ್ಟ ಅಂದಿದ್ರು?"

ನಮ್ಮ ಅಂಗಳದಲ್ಲಿ ಹೆಣ್ಣಿನ ಹಾಗೆ ಕುತ್ತಿಗೆ ಬಾಗಿಸಿ ಅವರು ನಡೆದದ್ದು ನನ್ನ ಕಣ್ಣ ಮುಂದೆ ಇತ್ತು. ಉಳಿದ ಆ ಹೆಣ್ಣು ಹಕ್ಕಿ ಇನ್ನೂ ಆ ಹೊಲಗಳಲ್ಲೇ ಎಲ್ಲೋ ಇತ್ತು.

"ಒಂದ ಅಂದಿದ್ರು ಸರ್," ಎಂದೆ.

"ವರದಿಯೊಳಗ ಒಂದ ಮಾತ ಸುಳ್ಳ ಇದ್ರ ಪೂರಾ ವರದೀನ ರದ್ದು," ಎಂದು ಡಾಕ್ಟರು ಎಲ್ಲರಿಗೂ ಕೇಳುವಂತೆ ಸಾರಿದರು. ಗೌಡರನ್ನು ನಿಂತಲ್ಲೇ ಸದಸ್ಯರನ್ನಾಗಿ ಮಾಡಿಕೊಂಡು ಹಕ್ಕಿಯನ್ನು ಅವರ ಹೆಸರಿನಲ್ಲಿ ಪಟ್ಟಿಗೆ ಸೇರಿಸಿದರು. ಗೌಡರು ಒಲ್ಲೆನೆನ್ನಲಿಲ್ಲ. ಮೇಳ ಮುಗಿಯುವುದರೊಳಗೆ ಶಾಲೆಯ ಹುಡುಗರ ಬಾಯಲ್ಲಿ ಮಾಸ್ತರರಿಗೆ 'ಎರಡ್ಹಕ್ಕಿ ಮಾಸ್ತರ' ಎಂಬ ಹೆಸರು ಬಿದ್ದಿತ್ತು. ಅವರು ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಹಿಂದಿನ ಬೆಂಚಿನಿಂದ ಅದೇ ಕೂಗು.

ಮುಂದಿನ ಭಾನುವಾರ ಡಾಕ್ಟರೂ ಗೌಡರೂ ಜೀಪಿನಲ್ಲಿ ಆ ಹೊಲಗಳನ್ನು ಸುತ್ತಿದರು. ಸುಳ್ಳೋ ನಿಜವೋ ನೋಡಿಯೇ ಬಿಡೋಣವೆಂದು ಹೊರಟಿದ್ದರಂತೆ. ಮರುದಿನ ದವಾಖಾನೆಯ ಪಡಸಾಲೆಯಲ್ಲಿ ಸಂಘದ ಸಭೆ. ಮಾಸ್ತರರ ಹೆಸರನ್ನು ಸಂಘದಿಂದ ತೆಗೆದುಹಾಕುವುದೊಂದೇ ವಿಷಯ. ಅವರು ಬರಲಾರರೆಂದು ನಾವೆಲ್ಲ ಅಂದುಕೊಂಡಿದ್ದೆವು. ಬಂದರು. ಚಪ್ಪಲಿ ಬಿಟ್ಟು ಒಳಗೆ ಕಾಲಿಡುವ ಮೊದಲೇ ಕೇಳಿದರು:

"ಸಿಕ್ಕತೇನ್ರಿ?"

"ಇದ್ರ ಸಿಗೋದು! ನಿಮ್ಮ ಸುಳ್ಳಿನ ಬೆನ್ನ ಹತ್ತಿ ಜೀಪಿನ ಎಣ್ಣಿ ಖಾಲಿ ಆತ ನೋಡ್ರಿ ಮಾಸ್ತರ್ರ."

ಎಲ್ಲರೂ ನಕ್ಕರು. ಹೆಸರು ತೆಗೆದ ಕಾಗದಕ್ಕೆ ಮಾಸ್ತರರು ಓದದೆಯೇ ಸಹಿ ಹಾಕಿದರು. ಹೋಗುವಾಗ ಬಾಗಿಲಲ್ಲಿ ನಿಂತರು.

"ಇಡೀ ದಿನ ಹುಡುಕಿದ್ರಿ, ಹೌದಲ್ರಿ?"

"ಮುಂಜಾನಿಂದ ಹೊತ್ತ ಮುಳಗೂತನ," ಎಂದರು ಡಾಕ್ಟರು. "ನಿಮಗ ನಾಚಿಕಿ ಆಗಬೇಕು."

"ಆಗೇತ್ರಿ," ಎಂದು ಮಾಸ್ತರರು ಚಪ್ಪಲಿ ಮೆಟ್ಟಿಕೊಂಡರು. ಎಷ್ಟೋ ದಿನಗಳ ಮೇಲೆ ಅವರ ಹೆಜ್ಜೆ ಹಗುರಾಗಿತ್ತು.